ಕ್ಯಾಂಪಸ್ಸಿನಲ್ಲಿ ಸ್ವಂತದ ಹಾಡುನಾಟಕ: ನಗು ಕೊನೆಯ ಸಾಲಿಗೂ ತಲುಪಬೇಕಾದರೆ

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ನಾವು 18 ಜನ ಸೇರಿ ಒಂದು ಹಾಸ್ಯ ಸಂಗೀತ ನಾಟಕ ಬರೆದಿದ್ದೇವೆ. ಪರೀಕ್ಷೆ ಬರೆದ ಹುಡುಗನಿಗೆ ಮಾರ್ಕ್ಸ್ ಕಾರ್ಡಿನಲ್ಲಿ 'ಆಬ್ಸೆಂಟ್' ಅಂತ ಬಂದಿರುತ್ತದೆ. ಅದನ್ನು ಸರಿಮಾಡಿಸಲು ಅವನು ಕೌಂಟರಿನಿಂದ ಕೌಂಟರಿಗೆ ಅಲೆಯುವುದೇ ಕಥೆ. ಒಂದೂವರೆ ಗಂಟೆ, 9 ಹಾಡು. ಇನ್ನು 10 ವಾರ ಇದೆ. ಸಂಗೀತ ಕಲಿತವರು ನಮ್ಮಲ್ಲಿ ಇಬ್ಬರೇ. ಅದಕ್ಕೇ ಕೆಲವರು, ಜನಪ್ರಿಯ ಸಿನಿಮಾ ಹಾಡಿನ ಕರೋಕೆ ಟ್ರ್ಯಾಕಿಗೆ ನಮ್ಮ ಸಾಲು ಹಾಕೋಣ, ಕಾಲೇಜಿನೊಳಗೆ ಮಾಡಿದರೆ ಕಾಪಿರೈಟ್ ಬರಲ್ಲ ಅಂತಾರೆ. ಬರೆಯುವಾಗ ಬಿದ್ದು ಬಿದ್ದು ನಕ್ಕಿದ್ದೆವು. ಈಗ ತಾಲೀಮಿನಲ್ಲಿ ಯಾರೂ ನಗುತ್ತಿಲ್ಲ. ಸುಮಾರು 250 ಸೀಟಿನ ಸೆಮಿನಾರ್ ಹಾಲ್ ಸಿಗುತ್ತದೆ, ಅಲ್ಲಿ ಎರಡೇ ಮೈಕ್. ವಿಭಾಗದ ಮುಖ್ಯಸ್ಥರು ಸ್ಕ್ರಿಪ್ಟ್ ತೋರಿಸಿ ಅಂದಿದ್ದಾರೆ. ಅರ್ಧ ಹಾಡು ತೆಗೆಸಿಬಿಡ್ತಾರೇನೋ ಅಂತ ಭಯ. ಬಜೆಟ್ 40,000 ರೂಪಾಯಿ. ಇದು ಆಗುವ ಕೆಲಸವೇ?

ಉತ್ತರ: ಆಗುತ್ತದೆ. ನೀವು ಐದಾರು ಚಿಂತೆ ಬರೆದಿದ್ದೀರಿ. ನಿಮ್ಮ ಪತ್ರದ ಜೊತೆ ಬಂದ ಹಾಡುಗಳನ್ನೂ, ತಾಲೀಮಿನ ರೆಕಾರ್ಡಿಂಗನ್ನೂ ಕೇಳಿದ ಮೇಲೆ ನನಗನಿಸಿದ್ದು ಇಷ್ಟು: ಹೆಚ್ಚಿನವುಗಳ ಬುಡದಲ್ಲಿ ಇರುವ ತೊಂದರೆ ಒಂದೇ. ನಿಮ್ಮ ಹಾಡಿನ ಮಾತು ಕೇಳಿಸುತ್ತಿಲ್ಲ. ಭಾವಗೀತೆಯಲ್ಲಿ ಒಂದೆರಡು ಪದ ಕೇಳಿಸದಿದ್ದರೂ ಮಟ್ಟು, ಅಂದರೆ ಹಾಡಿನ ಧಾಟಿ, ಕೈ ಹಿಡಿಯುತ್ತದೆ. ಹಾಸ್ಯದಲ್ಲಿ ಹಾಗಿಲ್ಲ. ನಗು ಒಂದೇ ಒಂದು ಪದದ ಮೇಲೆ ನಿಂತಿರುತ್ತದೆ. ಆ ಪದ ತಪ್ಪಿದರೆ ಇಡೀ ಚರಣ ವ್ಯರ್ಥ. ಹಾಗಾಗಿ ಶ್ರುತಿ, ವಾದ್ಯ, ಮೈಕ್, ಕುಣಿತ ಯಾವುದನ್ನೇ ತೀರ್ಮಾನಿಸುವಾಗಲೂ, ಇದರಿಂದ ಮಾತು ಜಾಸ್ತಿ ಕೇಳಿಸುತ್ತದೋ ಕಮ್ಮಿ ಕೇಳಿಸುತ್ತದೋ ಅಂತ ಮೊದಲು ನೋಡಿ.

"ಸಂಗೀತ ಕಲಿತವರು ಇಬ್ಬರೇ" ಅನ್ನುವುದನ್ನು ಕೊರತೆ ಅಂತ ಬರೆದಿದ್ದೀರಿ. ಹಾಡುನಾಟಕಕ್ಕೆ ಎಲ್ಲರೂ ಗಾಯಕರೇ ಆಗಿರಬೇಕು ಅನ್ನುವುದು ತಪ್ಪು ತಿಳಿವಳಿಕೆ. ನಮ್ಮಲ್ಲೇ ಎರಡು ದಾರಿಗಳಿವೆ. ಯಕ್ಷಗಾನದಲ್ಲಿ ಹಾಡುವವರು ಭಾಗವತರು. ವೇಷಧಾರಿ ಕುಣಿಯುತ್ತಾನೆ, ಪದ ಮುಗಿದ ಮೇಲೆ ಅರ್ಥ ಹೇಳುತ್ತಾನೆ. ಕಂಪನಿ ನಾಟಕದಲ್ಲಿ ನಟನೇ ಹಾಡಬೇಕಿತ್ತು, ಪೇಟಿ (ಹಾರ್ಮೋನಿಯಂ) ಮಾಸ್ತರರು ರಂಗದ ಮುಂದೆ ಕೂತು ಅವನನ್ನು ಹಿಡಿದು ನಡೆಸುತ್ತಿದ್ದರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು, ಚಿಕ್ಕ ವಯಸ್ಸಿನಲ್ಲೇ ಆ ಕಂಪನಿ ಸೇರಿ ಮುಂದೆ ನಮ್ಮ ರಂಗಸಂಗೀತದ ದಿಕ್ಕನ್ನೇ ಬದಲಿಸಿದ ಬಿ.ವಿ. ಕಾರಂತರವರೆಗೆ ಇದೇ ಪರಂಪರೆ ಬೆಳೆದು ಬಂದಿದೆ. ನಿಮಗೆ ಎರಡನ್ನೂ ಬೆರೆಸುವುದೇ ವಾಸಿ. ಕಲಿತ ಇಬ್ಬರು, ಜೊತೆಗೆ ಶ್ರುತಿ ಬಿಡದೆ ಹಾಡಬಲ್ಲ ಇನ್ನು ನಾಲ್ಕು ಜನ ಹಿಮ್ಮೇಳವಾಗಿ ರಂಗದ ಒಂದು ಪಕ್ಕ ಕೂರಲಿ. ಪಾತ್ರಧಾರಿಗಳು ತಮ್ಮ ಸಾಲನ್ನು ಅರ್ಧ ಮಾತು, ಅರ್ಧ ಹಾಡಾಗಿ ಹೇಳಲಿ. ಪಲ್ಲವಿಯನ್ನು ಹಿಮ್ಮೇಳ ಎತ್ತಿಕೊಳ್ಳಲಿ.

ಇದರಲ್ಲಿ ಇನ್ನೊಂದು ಲಾಭ ಇದೆ. ಸಣ್ಣಾಟ, ಬಯಲಾಟಗಳಲ್ಲಿ ಹಿಮ್ಮೇಳದವರು ಸಾಲನ್ನು ಮರಳಿ ಹಾಡುತ್ತಾರೆ ಅಲ್ವಾ? ಅದು ಮೈಕಿಲ್ಲದ ಕಾಲದಲ್ಲಿ ಬಯಲಲ್ಲಿ ಕೂತವನಿಗೆ ಸಿಗುತ್ತಿದ್ದ ಎರಡನೇ ಅವಕಾಶ. ಮೊದಲ ಸಲ ತಪ್ಪಿದ ಪದ ಎರಡನೇ ಸಲಕ್ಕೆ ಸಿಗುತ್ತದೆ. ಹಾಸ್ಯಕ್ಕೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಅಪಾಯವೂ ಇದೆ: ಪ್ರತಿ ಸಾಲನ್ನೂ ಮರಳಿಸಿದರೆ ನಾಟಕ ತೆವಳುತ್ತದೆ. ನಗು ಬರಬೇಕಾದ ಸಾಲನ್ನು, ಕಥೆ ತಿರುಗುವ ಸಾಲನ್ನು ಮಾತ್ರ ಮರಳಿಸಿ.

ಶ್ರುತಿಯ ವಿಷಯದಲ್ಲಿ ಕಾಲೇಜು ತಂಡಗಳಿಗೆ ಸದಾ ಪೆಟ್ಟು ಬೀಳುತ್ತದೆ. ಪೇಟಿಯ ಕರಿ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ, ಹುಡುಗರಿಗೆ ಸಾಮಾನ್ಯವಾಗಿ ಕರಿ ಒಂದು, ಕರಿ ಎರಡರ ಸುತ್ತ ಹಾಯಾಗಿರುತ್ತದೆ. ಹುಡುಗಿಯರಿಗೆ ಕರಿ ನಾಲ್ಕು, ಕರಿ ಐದರ ಸುತ್ತ. ಎಲ್ಲರನ್ನೂ ಒಂದೇ ಶ್ರುತಿಗೆ ಎಳೆದರೆ ಅರ್ಧ ತಂಡ ಕಿರುಚುತ್ತದೆ, ಅರ್ಧ ತಂಡ ಗೊಣಗುತ್ತದೆ. ನಿಮ್ಮ ರೆಕಾರ್ಡಿಂಗಿನಲ್ಲಿ ಆಗಿರುವುದು ಅದೇ. ಯುಗಳ ಹಾಡುಗಳಿಗೆ ಸುಲಭದ ಉಪಾಯ ಇದೆ. ಹುಡುಗ ಕರಿ ಒಂದರಲ್ಲಿ ಹಾಡಿದರೆ ಅವನ ಪಂಚಮ ('ಪ' ಸ್ವರ) ಬರುವುದು ಕರಿ ನಾಲ್ಕಕ್ಕೆ. ಅದನ್ನೇ ಹುಡುಗಿಯ ಷಡ್ಜ ('ಸ' ಸ್ವರ) ಮಾಡಿಕೊಳ್ಳಿ. ಇಬ್ಬರೂ ತಂತಮ್ಮ ಜಾಗದಲ್ಲಿ ಆರಾಮಾಗಿ ಜಗಳವಾಡಬಹುದು. ಎಲ್ಲರೂ ಸೇರಿ ಹಾಡುವ ಕಡೆ ಮಟ್ಟನ್ನು ಐದಾರು ಸ್ವರದೊಳಗೇ ಇಡಿ. ತಾರಸ್ಥಾಯಿಗೆ ಹೋಗಲೇಬೇಕು ಅನಿಸಿದರೆ ಅಲ್ಲಿ 'ಆ'ಕಾರ ಇರುವ ಪದ ಕೂರಿಸಿ. ಮೇಲಿನ ಸ್ವರದಲ್ಲಿ 'ಇ', 'ಉ' ಬಂದರೆ ಅಭ್ಯಾಸವಿಲ್ಲದ ಗಂಟಲು ಬಿಗಿಯಾಗುತ್ತದೆ, ಪದ ಒಡೆಯುತ್ತದೆ.

ಇನ್ನು ನಿಮ್ಮ ಮೂರನೇ ಹಾಡು, ಕೌಂಟರಿನ ಹಾಡು. ನೀವು ಕಳಿಸಿದವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ತಾಲೀಮಿನಲ್ಲಿ ಯಾಕೆ ಯಾರೂ ನಗಲಿಲ್ಲ ಅನ್ನುವುದಕ್ಕೂ ಇದೇ ಉತ್ತರ ಕೊಡುತ್ತದೆ. ನೀವು ಬರೆದದ್ದು ಹೀಗೆ:

"ರಸೀದಿ ಕೊಡು, ಚಲನ್ ಕೊಡು, ಎರಡು ಜೆರಾಕ್ಸ್ ಕಾಪಿ ಅಟೆಸ್ಟ್ ಮಾಡಿಸಿ ಕೊಡು, ನಾಳೆ ಬಾ."

ಕಾಗದದ ಮೇಲೆ ನಗು ಬರುತ್ತದೆ. ಹಾಡುವಾಗ ಏನಾಗುತ್ತಿದೆ ನೋಡಿ. ಮೂರು ಮಾತ್ರೆಯ ನಡೆ ಇಟ್ಟುಕೊಂಡಿದ್ದೀರಿ. "ರಸೀದಿ ಕೊಡು" ಅದಕ್ಕೆ ಸರಿಯಾಗಿ ಕೂರುತ್ತದೆ: ರ-ಸೀ ಮೂರು, ದಿ-ಕೊ-ಡು ಮೂರು. "ಚಲನ್ ಕೊಡು"ಗೆ ಐದೇ ಮಾತ್ರೆ. ಆ ಕೊರತೆ ತುಂಬಲು ಹುಡುಗ 'ಕೊ'ವನ್ನು ಎಳೆಯುತ್ತಿದ್ದಾನೆ. ಆಗ ಕೇಳುವವನ ಕಿವಿಗೆ ಬೀಳುವುದು 'ಕೋಡು'. ನಮ್ಮ ಭಾಷೆಯಲ್ಲಿ ಹ್ರಸ್ವ ದೀರ್ಘವಾದರೆ ಬೇರೆಯೇ ಪದ. ಕೇಳುಗ ಅರ್ಧ ಕ್ಷಣ ಎಡವುತ್ತಾನೆ. ಅಷ್ಟರಲ್ಲಿ ಅಟೆಸ್ಟ್ ಇರುವ ಉದ್ದನೆಯ ಸಾಲು ಓಡಿಬರುತ್ತದೆ, ಅದೂ ಅರ್ಥವಾಗುವುದಿಲ್ಲ. "ನಾಳೆ ಬಾ" ಬರುವ ಹೊತ್ತಿಗೆ ಅವನು ಇನ್ನೂ ಹಿಂದಿನ ಸಾಲಿನಲ್ಲೇ ಇದ್ದಾನೆ.

ಹೀಗೆ ಮಾಡಿ ನೋಡಿ:

"ರಸೀದಿ ಕೊಡು, ಚಲಾನು ಕೊಡು, ಜೆರಾಕ್ಸು ಕೊಡು… ನಾಳೆಗೆ ಬಾ."

ನಾಲ್ಕೂ ತುಂಡಿಗೆ ಮೂರು-ಮೂರು ಮಾತ್ರೆ. ಎಳೆಯಲೇಬೇಕು ಅನಿಸಿದರೆ ಕೊನೆಯ 'ಡು'ವನ್ನು ಎಳೆಯಿರಿ. ಪದದ ತುದಿ ಎಳೆದರೆ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ, ಮಧ್ಯ ಎಳೆದರೆ ಕೆಡುತ್ತದೆ. ಈಗ "ಜೆರಾಕ್ಸು ಕೊಡು" ಆದ ಮೇಲೆ ಒಂದು ಪೂರ್ತಿ ಆವರ್ತ (ತಾಳದ ಒಂದು ಸುತ್ತು) ಖಾಲಿ ಬಿಡಿ. ಹಾರ್ಮೋನಿಯಂ ನಿಲ್ಲಲಿ, ಢೋಲಕ್ ನಿಲ್ಲಲಿ. ಗುಮಾಸ್ತ ಕನ್ನಡಕದ ಮೇಲಿಂದ ಹುಡುಗನನ್ನು ನೋಡಲಿ. ಕಿಟಕಿಯ ಬಾಗಿಲ ಮೇಲೆ ಕೈ ಇಡಲಿ. ಆಮೇಲೆ ರಾಗವಿಲ್ಲದೆ, ಮಾತಿನಲ್ಲೇ "ನಾಳೆಗೆ ಬಾ" ಅನ್ನಲಿ. ಕಿಟಕಿ ಮುಚ್ಚಲಿ. ನಗು ಅಲ್ಲಿ ಬರುತ್ತದೆ. ನಗು ಇಳಿಯುವಾಗ ಹಿಮ್ಮೇಳ ಅದೇ ಎರಡು ಪದವನ್ನು ಮಟ್ಟಿನಲ್ಲಿ ಎತ್ತಿಕೊಳ್ಳಲಿ. ಎರಡನೇ ಕೌಂಟರಿನಲ್ಲಿ ಇದೇ ಹಾಡು ಬಂದಾಗ ಪ್ರೇಕ್ಷಕರೇ ಅದನ್ನು ಹೇಳುತ್ತಾರೆ, ನೋಡಿ ಬೇಕಾದರೆ.

ಕರೋಕೆ ಬೇಡ ಅನ್ನಲು ನನ್ನ ಮೊದಲ ಕಾರಣವೂ ಇದೇ. ಕಾನೂನಿನ ಮಾತು ಆಮೇಲೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಜನ ನಕ್ಕರೆ ಮುಂದಿನ ಸಾಲು ಆ ನಗುವಿನಲ್ಲಿ ಮುಳುಗುತ್ತದೆ. ನಟ ಸಾಲು ಮರೆತರೆ ಟ್ರ್ಯಾಕ್ ಅವನನ್ನು ಬಿಟ್ಟು ಮುಂದೆ ಹೋಗುತ್ತದೆ. ಪೇಟಿ ಹಿಡಿದು ಕೂತವರಿದ್ದರೆ ನಗು ನಿಲ್ಲುವ ತನಕ ಅದೇ ಎರಡು ಸ್ವರ ತಿರುಗಿಸುತ್ತಾ ಕಾಯುತ್ತಾರೆ. ಕಂಪನಿ ನಾಟಕದಲ್ಲಿ ಜನ "ಒನ್ಸ್ ಮೋರ್" ಅಂದಾಗ ಹಾಡು ಮತ್ತೆ ಶುರುವಾಗುತ್ತಿದ್ದದ್ದು ಮುಂದೆ ಕೂತ ಮಾಸ್ತರರ ಕಿವಿ ಸಭೆಯ ಕಡೆ ಇದ್ದದ್ದರಿಂದಲೇ. ಇನ್ನೊಂದು ತೊಂದರೆ: ಎಲ್ಲರಿಗೂ ಗೊತ್ತಿರುವ ಸಿನಿಮಾ ಮಟ್ಟು ಬಂದ ಕೂಡಲೇ ಕೇಳುಗನ ತಲೆಯಲ್ಲಿ ಹಳೆಯ ಸಾಲು ಓಡತೊಡಗುತ್ತದೆ. ನಿಮ್ಮ ಹೊಸ ಸಾಲು ಅದರ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಎರಡು ಸಾಲಿಗೆ ಗುರುತು ಹಿಡಿದ ಖುಷಿಗೆ ನಗುತ್ತಾರೆ. ಮೂರನೇ ಸಾಲಿಗೆ ಯಾರೂ ಕೇಳುತ್ತಿರುವುದಿಲ್ಲ.

ಈಗ ಕಾಪಿರೈಟ್. "ಕಾಲೇಜಿನೊಳಗೆ ಮಾಡಿದರೆ ಬರಲ್ಲ" ಅನ್ನುವುದು ಅರ್ಧ ಸತ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೇ ಒಂದು ಕೃತಿಯನ್ನು ಪ್ರದರ್ಶಿಸಬಹುದು. ಆದರೆ ಪ್ರೇಕ್ಷಕರೂ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧ ಇರುವವರು ಇಷ್ಟೇ ಆಗಿರಬೇಕು. ಟಿಕೆಟ್ ಇಟ್ಟು ಊರಿನವರನ್ನು ಕರೆದರೆ ಆ ನೆರಳು ಹೋಯಿತು. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರೂ ಹೋಯಿತು. ಬೇರೆಯವರ ಹಾಡಿನ ಪದ ಬದಲಿಸುವುದು ಮತ್ತೊಂದು ಪ್ರಶ್ನೆ, ಪ್ರದರ್ಶನದ ವಿನಾಯಿತಿ ಅದಕ್ಕೂ ಅನ್ವಯಿಸುತ್ತದೆ ಅಂತ ನಂಬಿ ಕೂರಬೇಡಿ. "ಹತ್ತು ಸೆಕೆಂಡ್ ಬಳಸಿದರೆ ಪರವಾಗಿಲ್ಲ" ಅನ್ನುವ ಮಾತೂ ಓಡಾಡುತ್ತದೆ. ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ.

ಜನಪದ ಮಟ್ಟುಗಳು ನಿಮಗೆ ಸಿಗುತ್ತವೆ. ಗೀಗೀ ಪದ, ಲಾವಣಿ, ಕೋಲಾಟದ ಪದದ ಧಾಟಿ ಯಾರೊಬ್ಬರದ್ದೂ ಅಲ್ಲ. ಆದರೆ ಯಾರೋ ಸಂಯೋಜಿಸಿ ರೆಕಾರ್ಡ್ ಮಾಡಿದ ರೂಪವನ್ನು ಹಾಗೇ ಎತ್ತಬೇಡಿ. ನಿಮ್ಮ ತಂಡದಲ್ಲಿ ಯಾರ ಅಜ್ಜಿಗಾದರೂ ಇಂಥ ಪದ ಬಂದೇ ಬರುತ್ತದೆ, ಅವರಿಂದ ಕಲಿಯಿರಿ. ಗೀಗೀ ಪದದಲ್ಲಿ ಸೊಲ್ಲು ಹಿಡಿಯುವವರು, ಅಂದರೆ ಮುಖ್ಯ ಹಾಡುಗಾರನ ಹಿಂದೆ ದನಿಗೂಡಿಸುವವರು, ಇರುವುದರಿಂದ ಹಾಸ್ಯಕ್ಕೆ ಅದು ಹೇಳಿ ಮಾಡಿಸಿದ ರೂಪ.

ಹಾಗೆಯೇ ನಿಮ್ಮದೇ ಹಕ್ಕಿನ ಬಗ್ಗೆಯೂ ಈಗಲೇ ಯೋಚಿಸಿ. ಸಾಹಿತ್ಯದ ಹಕ್ಕು ಬರೆದವರದ್ದು, ಮಟ್ಟಿನ ಹಕ್ಕು ಕಟ್ಟಿದವರದ್ದು, ಎರಡೂ ಬೇರೆ ಬೇರೆ. ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಯಾವ ಹಾಡು ಯಾರದ್ದು, ಮುಂದಿನ ಬ್ಯಾಚ್ ಮತ್ತೆ ಆಡಬಹುದೇ, ವಿಡಿಯೋ ಹಾಕಬಹುದೇ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಈಗ ಸ್ನೇಹ ಚೆನ್ನಾಗಿದೆ, ಬೇಗ ಮುಗಿಯುತ್ತದೆ. ನಾಟಕ ಗೆದ್ದ ಮೇಲೆ ಇದೇ ಮಾತು ಆಡುವುದು ಕಷ್ಟ.

ತಾಲೀಮಿನಲ್ಲಿ ನಗು ಬರುತ್ತಿಲ್ಲ ಅನ್ನುವುದಕ್ಕೆ ಹೆದರಬೇಡಿ. ಒಂದೇ ಜೋಕನ್ನು ಹದಿನೈದನೇ ಸಲ ಕೇಳಿದವರು ನಗುವುದಿಲ್ಲ. ಇಲ್ಲಿ ನಿಜವಾದ ಅಪಾಯ ಬೇರೆ. ನಗು ಬರಲಿಲ್ಲ ಅಂತ ನಟರು ಮುಖ ಕಿವುಚುವುದು, ಕೀರಲು ದನಿ ಮಾಡುವುದು, ದಿನಕ್ಕೊಂದು ಹೊಸ ಜೋಕ್ ಸೇರಿಸುವುದು ಶುರುಮಾಡುತ್ತಾರೆ. ಅದನ್ನು ತಡೆಯಿರಿ. ಬದಲಿಗೆ ಸ್ಕ್ರಿಪ್ಟ್ ಓದದ ನಾಲ್ಕು ಜನರನ್ನು ಆಗಾಗ ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸಿ. ಪ್ರತಿ ಹಾಡು ಮುಗಿದ ಮೇಲೆ ಏನು ಕೇಳಿಸಿತೋ ಅದನ್ನು ಬರೆದುಕೊಡಲು ಹೇಳಿ. ಹೇಗಿತ್ತು ಅಂತ ಕೇಳಬೇಡಿ, ಸ್ನೇಹಿತರು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಅವರು ತಪ್ಪಾಗಿ ಬರೆದ ಸಾಲುಗಳನ್ನು, ಕುಣಿತ ಕೂರಿಸುವ ಮೊದಲೇ ತಿದ್ದಿ. ಕುಣಿತ ಕೂತ ಮೇಲೆ ಒಂದು ಪದ ಬದಲಿಸಿದರೂ ಎಲ್ಲರ ಹೆಜ್ಜೆ ತಪ್ಪುತ್ತದೆ.

ಎಳೆಯ ನಟರಲ್ಲಿ ಇನ್ನೊಂದು ಅಭ್ಯಾಸ ಇರುತ್ತದೆ: ಸಾಲಿನ ಕೊನೆಗೆ ಉಸಿರು ಮುಗಿದು ದನಿ ಇಳಿಯುವುದು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಮಾಡಿದನೋ ಬಿಟ್ಟನೋ, ಹೌದೋ ಅಲ್ಲವೋ ಎಲ್ಲಾ ಅಲ್ಲೇ ಇರುತ್ತದೆ. ಅದನ್ನೇ ನುಂಗಿದರೆ ಮಾತಿನ ಸುದ್ದಿಯೇ ಹೋಯಿತು. ಹಾಡಿಗೂ ಮಾತಿಗೂ ಎರಡಕ್ಕೂ ಇದು ಅನ್ವಯ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಸ್ಕ್ರಿಪ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಸಿ.

ಒಂದೂವರೆ ಗಂಟೆ, 9 ಹಾಡು. ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಯುವಜನೋತ್ಸವದ ಸ್ಕಿಟ್ ಅಂದರೆ 10 ನಿಮಿಷ, ಏಕಾಂಕ ಅಂದರೆ 30 ನಿಮಿಷ. ನಿಮ್ಮ ತಂಡದವರು ಪಳಗಿರುವುದು ಅಷ್ಟರಲ್ಲಿ. 10 ವಾರ ಅಂದರೂ ನಡುವೆ ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಹಬ್ಬಕ್ಕೆ ಊರಿಗೆ ಹೋಗುವುದು ಎಲ್ಲಾ ಇದೆ. ಎಲ್ಲರೂ ಒಟ್ಟಿಗೆ ಸಿಗುವುದು ಅರ್ಧ ದಿನಗಳೂ ಇರಲಿಕ್ಕಿಲ್ಲ. ಒಂದು ಗಂಟೆ, ಐದು ಹಾಡಿಗೆ ಇಳಿಸಿ. ಯಾವುದನ್ನು ಬಿಡಬೇಕು? ಹಾಡು ಶುರುವಾದಾಗ ಇದ್ದ ಜಾಗದಲ್ಲೇ ಮುಗಿಯುವಾಗಲೂ ಪಾತ್ರ ಇದ್ದರೆ ಆ ಹಾಡು ಹೋಗಲಿ. ನಿಮ್ಮ ಹಾಸ್ಟೆಲ್ ಮೆಸ್ಸಿನ ಹಾಡು ಚೆನ್ನಾಗಿದೆ, ಆದರೆ ಅದು ಇಲ್ಲದಿದ್ದರೂ ಕಥೆಗೆ ಏನೂ ಆಗುವುದಿಲ್ಲ. ಬಿಡಲು ಮನಸ್ಸಾಗದು, ನನಗೆ ಗೊತ್ತು. ಜನ ಬಂದು ಕೂರುವಾಗ ಹಿಮ್ಮೇಳ ಅದನ್ನು ಹಾಡಲಿ.

ಮೈಕಿನ ವಿಷಯ. 250 ಸೀಟಿನ ಹಾಲಿನಲ್ಲಿ ಎಲ್ಲರಿಗೂ ಕಾಲರ್ ಮೈಕ್ ಬೇಕು ಅನ್ನುವವರು ಸಿಗುತ್ತಾರೆ. ಬಾಡಿಗೆಗೆ ಸಿಗುತ್ತದೆ, ಅದಕ್ಕೇ ಬಜೆಟ್ಟಿನ ದೊಡ್ಡ ಪಾಲು ಹೋಗುತ್ತದೆ. ಬಟ್ಟೆಗೆ ಉಜ್ಜಿ ಗರಗರ ಅನ್ನುತ್ತದೆ, ಕುಣಿಯುವಾಗ ಬೀಳುತ್ತದೆ, ಬ್ಯಾಟರಿ ನಡುವೆ ಕೈಕೊಡುತ್ತದೆ. ಮಿಕ್ಸರಿನ ಮುಂದೆ ನಾಟಕ ಗೊತ್ತಿರುವವರು ಕೂರದಿದ್ದರೆ, ಸಾಲು ಶುರುವಾಗಿ ಎರಡು ಪದ ಆದ ಮೇಲೆ ಮೈಕ್ ತೆರೆಯುತ್ತದೆ. ನಿಮ್ಮಲ್ಲಿರುವ ಎರಡು ಮೈಕನ್ನು ಹಿಮ್ಮೇಳಕ್ಕೆ ಕೊಡಿ. ನಟರ ಸಲುವಾಗಿ ರಂಗದ ಅಂಚಿನಲ್ಲಿ ನೆಲಕ್ಕೆ ಇಡುವ ಮೈಕ್ ಎರಡು ಬಾಡಿಗೆಗೆ ತನ್ನಿ. ಅದರಲ್ಲೂ ಒಂದು ಅಪಾಯ ಇದೆ: ಹೆಜ್ಜೆ ಸದ್ದು ಎತ್ತುತ್ತದೆ. ಕೆಳಗೆ ದಪ್ಪ ರಬ್ಬರ್ ಹಾಸಿ, ಬರಿಗಾಲಲ್ಲಿ ಕುಣಿಯಿರಿ. ಕೀಬೋರ್ಡಿನ ದನಿ ಕಡಿಮೆ ಇಡಿ. ಢೋಲಕ್ಕನ್ನು ಸಭೆಗೆ ಎದುರಾಗಿ ಕೂರಿಸಬೇಡಿ. ಸೀಲಿಂಗ್ ಫ್ಯಾನುಗಳನ್ನು ಮರೆಯಬೇಡಿ, ಹಳೆಯ ಫ್ಯಾನಿನ ಸದ್ದು ವ್ಯಂಜನಗಳನ್ನೆಲ್ಲ ತಿಂದುಹಾಕುತ್ತದೆ. ಹಾಡಿನ ದೃಶ್ಯಗಳಲ್ಲಿ ಮುಂದಿನವನ್ನಾದರೂ ಆರಿಸಲು ಒಬ್ಬರನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿ. ಖಾಲಿ ಹಾಲಿನಲ್ಲಿ ದನಿ ಗುಂಯ್‌ಗುಡುತ್ತದೆ ಅಂತ ಗಾಬರಿಯಾಗಬೇಡಿ, ಜನ ತುಂಬಿದರೆ ಅದು ಬಹಳಷ್ಟು ಇಳಿಯುತ್ತದೆ.

ಬಯಲು ರಂಗಮಂದಿರದಲ್ಲಿ ಮಾಡೋಣ ಅಂತ ಯಾರಾದರೂ ಅಂದರೆ ಎರಡು ಸಲ ಯೋಚಿಸಿ. ಅಲ್ಲಿ ಧ್ವನಿವರ್ಧಕ ಇಲ್ಲದೆ ಆಗುವುದಿಲ್ಲ, ಅದಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರ ನಂತರ ಬಳಸುವಂತಿಲ್ಲ.

ಉಳಿದ ಹಣ ಎಲ್ಲಿಗೆ? ಹಾರ್ಮೋನಿಯಂ, ಢೋಲಕ್ ನುಡಿಸಬಲ್ಲವರು ನಿಮ್ಮಲ್ಲಿ ಇಲ್ಲದಿದ್ದರೆ ಮೊದಲು ಅವರಿಗೆ. ಅವರು ಕೊನೆಯ ವಾರ ಬಂದು ಕೂರುವಂತಾಗಬಾರದು, ಮೂರನೇ ವಾರದಿಂದಲೇ ಬರಬೇಕು. ಸೆಟ್ಟಿಗೆ ಖರ್ಚೇ ಬೇಡ. ಒಂದು ಚಕ್ರದ ಕಿಟಕಿ ಚೌಕಟ್ಟು ಸಾಕು. ಅದನ್ನು ತಳ್ಳಿಕೊಂಡು ಹೋದಲ್ಲೆಲ್ಲಾ ಹೊಸ ಕೌಂಟರ್ ಆಗುತ್ತದೆ.

ಕೊನೆಗೆ ಮುಖ್ಯಸ್ಥರ ವಿಷಯ. ಸ್ಕ್ರಿಪ್ಟ್ ಕೇಳಿದರು ಅಂದ ಮಾತ್ರಕ್ಕೆ ಅವರು ವಿರುದ್ಧ ಅಂತಲ್ಲ. ನಾಳೆ ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರ ಕೊಡಬೇಕಾದವರು ಅವರೇ. ನಿಮ್ಮ ಮುಂದೆ ಮೂರು ದಾರಿ ಇವೆ. ಸಾರಾಂಶ ಮಾತ್ರ ಕೊಟ್ಟು ವೇದಿಕೆಯ ಮೇಲೆ ಬೇರೆ ಹಾಡುವುದು: ಇದು ಒಂದು ಸಲ ನಡೆಯುತ್ತದೆ, ನಿಮ್ಮ ನಂತರದ ಬ್ಯಾಚುಗಳಿಗೆ ಹಾಲ್ ಸಿಗುವುದಿಲ್ಲ. ಹೊರಗಿನ ರಂಗಮಂದಿರದಲ್ಲಿ ಮಾಡುವುದು: ಸ್ವಾತಂತ್ರ್ಯ ಇದೆ, ಆದರೆ ಬಾಡಿಗೆ ನಿಮ್ಮ ಬಜೆಟ್ಟನ್ನು ನುಂಗುತ್ತದೆ, ಈ ನಾಟಕಕ್ಕೆ ಯಾರು ಹೊಟ್ಟೆ ಹಿಡಿದು ನಗುತ್ತಾರೋ ಅವರೇ ಬರುವುದಿಲ್ಲ. ಮೂರನೆಯದು, ಹಾಡಿನ ಸಾಹಿತ್ಯವೂ ಸೇರಿ ಪೂರ್ತಿ ಸ್ಕ್ರಿಪ್ಟನ್ನು ಈಗಲೇ ಕೊಡುವುದು. ನಾನು ಇದನ್ನೇ ಹೇಳುತ್ತೇನೆ. ಆಕ್ಷೇಪ ಇದ್ದರೆ ಯಾವ ಸಾಲು ಅಂತ ಗುರುತು ಮಾಡಿಕೊಡಲು ಕೇಳಿ. ಒಟ್ಟಾರೆ ಸರಿ ಇಲ್ಲ ಅನ್ನುವುದಕ್ಕೂ ಈ ಎರಡು ಸಾಲು ತೆಗೆಯಿರಿ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡು ಸಾಲಿನ ಬಗ್ಗೆ ಕೂತು ಮಾತಾಡಬಹುದು.

ಅದಕ್ಕೂ ಮೊದಲು ನೀವೇ ಒಂದು ಸಲ ಕತ್ತರಿ ಹಿಡಿಯಿರಿ. ಎರಡನೇ ದೃಶ್ಯದಲ್ಲಿ ಒಬ್ಬ ಅಧ್ಯಾಪಕರ ನಡಿಗೆ, ಕೆಮ್ಮು ಎಲ್ಲವನ್ನೂ ಅನುಕರಣೆ ಮಾಡಿದ್ದೀರಿ. ಅದು ನಿಮ್ಮ ವಿಭಾಗದ 60 ಜನರಿಗೆ ನಗು, ಉಳಿದ ಸಭೆಗೆ ಏನೂ ಅಲ್ಲ, ಅವರೊಬ್ಬರಿಗೆ ನೋವು. ತೆಗೆಯಿರಿ. ಕಲಬುರಗಿ ಕಡೆಯ ಹುಡುಗನ ಮಾತಿಗೆ ನಗು ಬರಲಿ ಅಂತ ಬರೆದ ಜಾಗವನ್ನು ಆ ಕಡೆಯವರೇ ಒಬ್ಬರ ಕೈಗೆ ಕೊಟ್ಟು ತಿದ್ದಿಸಿ. ಅವನು ಹೇಳುವ ವಿಷಯಕ್ಕೆ ಜನ ನಗಬೇಕು, ಅವನ ಭಾಷೆಗೆ ಅಲ್ಲ.

ಕೌಂಟರಿನ ಗುಮಾಸ್ತನಿಗೂ ಒಂದು ಹಾಡು ಕೊಡಿ. ಕೈಬಿಟ್ಟ ನಾಲ್ಕು ಹಾಡಿನ ಬದಲು ಇದೊಂದನ್ನು ಹೊಸದಾಗಿ ಬರೆದರೂ ನನ್ನ ಅಭ್ಯಂತರ ಇಲ್ಲ. ಅವನ ಮುಂದೆ ಸಾವಿರಾರು ಅರ್ಜಿ ಇವೆ, ಪ್ರಿಂಟರ್ ಒಂದೇ, ಸರ್ವರ್ ಬಿದ್ದಿದೆ, ಮೂರು ಜನರ ಕೆಲಸ ಒಬ್ಬನೇ ಮಾಡುತ್ತಿದ್ದಾನೆ. ಸಂಜೆ ಕಿಟಕಿ ಮುಚ್ಚಿದ ಮೇಲೆ ಅವನೇ ತನ್ನ ಬಡ್ತಿಯ ಕಾಗದ ಹಿಡಿದು ಇನ್ನೊಂದು ಕೌಂಟರಿನ ಮುಂದೆ ನಿಲ್ಲಲಿ. ಅಲ್ಲಿಂದಲೂ ಅದೇ "ನಾಳೆಗೆ ಬಾ" ಬರಲಿ. ಆಗ ನಾಟಕ ಯಾರೋ ಒಬ್ಬರ ಮೇಲಿನ ಲೇವಡಿ ಆಗಿ ಉಳಿಯುವುದಿಲ್ಲ. ಕಚೇರಿ ಸಿಬ್ಬಂದಿಯೂ ಮನಸಾರೆ ನಗುತ್ತಾರೆ, ಮುಖ್ಯಸ್ಥರಿಗೂ ಸಹಿ ಹಾಕುವುದು ಸುಲಭವಾಗುತ್ತದೆ.

ಸಾಧ್ಯವಾದರೆ ಹಾಲನ್ನು ಎರಡು ದಿನಕ್ಕೆ ಕೇಳಿ. ನಗು ನಿಜವಾಗಿ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ತುಂಬಿದ ಸಭೆಯ ಮುಂದೆ ಮಾತ್ರ ಗೊತ್ತಾಗುತ್ತದೆ. ಮೊದಲ ದಿನ ಹಿಮ್ಮೇಳದ ಒಬ್ಬರು ಸ್ಕ್ರಿಪ್ಟ್ ಹಿಡಿದು ಅದನ್ನು ಗುರುತು ಮಾಡಿಕೊಳ್ಳಲಿ. ಮರುದಿನ ಬೆಳಿಗ್ಗೆ ನಟರು, ಪೇಟಿಯವರು, ಢೋಲಕ್ಕಿನವರು ಅರ್ಧ ಗಂಟೆ ಕೂತು ಯಾವ ಯಾವ ಜಾಗದಲ್ಲಿ ಕಾಯಬೇಕು ಅಂತ ಗೊತ್ತುಮಾಡಿಕೊಳ್ಳಿ. ಆ ದಿನ ಪೂರ್ತಿ ತಾಲೀಮು ಇಟ್ಟುಕೊಳ್ಳಬೇಡಿ, ಗಂಟಲು ಉಳಿಸಿಕೊಳ್ಳಿ.